ಮಿದುಳಿನ ಪೊರೆಗೆ ತಗಲುವ ಕ್ಷಯ: ಎಚ್‌ಐವಿ ಇರುವವರು ಅರಿಯಬೇಕಾದುದು

ಕ್ಷಯವೆಂದೊಡನೆ ನಮಗೆ ನೆನಪಾಗುವುದು ಕೆಮ್ಮು, ಕಫ ಮತ್ತು ಸೊರಗಿದ ಶರೀರ. ಆದರೆ ಕ್ಷಯದ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿಯೇ ನಿಲ್ಲಬೇಕೆಂಬ ನಿಯಮವಿಲ್ಲ. ರಕ್ತದೊಡನೆ ಸಾಗಿ ಮಿದುಳನ್ನು ಆವರಿಸಿರುವ ಪೊರೆಗಳಲ್ಲಿ ಅದು ನೆಲೆಸಿದರೆ ಕ್ಷಯದ ಮೆನಿಂಜೈಟಿಸ್ ಉಂಟಾಗುತ್ತದೆ. ಎಚ್‌ಐವಿ ಸೋಂಕಿತರಿಗೆ ಇದರ ಅಪಾಯ ಇತರರಿಗಿಂತ ಬಹಳ ಹೆಚ್ಚು. ದೇಹದಲ್ಲಿ ಅಡಗಿರುವ ಕ್ಷಯಾಣುವನ್ನು ಕಟ್ಟಿಹಾಕಿ ಕಾಯುವ ಸಿಡಿ4 ಕಣಗಳನ್ನೇ ಎಚ್‌ಐವಿ ನಾಶಮಾಡುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 200ಕ್ಕಿಂತ ಕಡಿಮೆಯಾದಾಗ ಕಾವಲು ತೀರ ಸಡಿಲವಾಗುತ್ತದೆ.

ಈ ವ್ಯಾಧಿಯ ಕಪಟವಿರುವುದು ಅದರ ನಿಧಾನಗತಿಯಲ್ಲಿ. ಮೊದಲೆರಡು ವಾರ ಸಣ್ಣ ಜ್ವರ, ಬಿಡದ ತಲೆನೋವು, ವಾಂತಿ, ಊಟದಲ್ಲಿ ನಿರಾಸಕ್ತಿ ಕಾಣಿಸಬಹುದು. ಬಳಿಕ ರೋಗಿ ಮಂಕಾಗುತ್ತಾನೆ, ವಿನಾಕಾರಣ ಸಿಡುಕುತ್ತಾನೆ, ಅಸಂಬದ್ಧವಾಗಿ ಮಾತನಾಡುತ್ತಾನೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರು ಈಗಲೂ ಇದ್ದಾರೆ. ಹಾಗೆ ಕಳೆದ ದಿನಗಳೇ ಪ್ರಾಣಕ್ಕೆ ಎರವಾಗುತ್ತವೆ. ಏಕೆಂದರೆ ಅಷ್ಟರಲ್ಲಿ ಮಿದುಳಿನ ತಳಭಾಗದಲ್ಲಿ ದಪ್ಪನೆಯ ಸ್ರಾವ ಹೆಪ್ಪುಗಟ್ಟಿ, ಮಿದುಳಿನ ದ್ರವ ಹರಿಯುವ ದಾರಿಯನ್ನು ಮುಚ್ಚುತ್ತಿರುತ್ತದೆ. ಒಳಗಿನ ಒತ್ತಡ ಏರುತ್ತದೆ. ಕಣ್ಣಿನ ನರಗಳು ಸಿಲುಕಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ರಕ್ತನಾಳಗಳು ಊದಿಕೊಂಡು ಮುಚ್ಚಿದರೆ ಪಾರ್ಶ್ವವಾಯು ಬಡಿಯುತ್ತದೆ. ಕತ್ತು ಬಿಗಿಯುವುದು, ಮೂರ್ಛೆ, ಪ್ರಜ್ಞಾಹೀನತೆ ತಡವಾಗಿ ಬರುವ ಲಕ್ಷಣಗಳು. ಪ್ರಜ್ಞೆ ಸ್ಪಷ್ಟವಿರುವಾಗಲೇ ಚಿಕಿತ್ಸೆ ಆರಂಭವಾದವರು ಬದುಕುಳಿಯುವ ಸಂಭವ ಬಹಳ ಹೆಚ್ಚು.

ರೋಗ ನಿರ್ಣಯಕ್ಕೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು. ಇದರಿಂದ ಕಾಲು ಸ್ವಾಧೀನ ತಪ್ಪುವುದೆಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ವಾಸ್ತವವಾಗಿ ಮಿದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಎಚ್‌ಐವಿ ಇರುವವರಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವೂ ಇಂತಹುದೇ ಲಕ್ಷಣಗಳನ್ನು ತರುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆಯಾದ್ದರಿಂದ ಈ ಪರೀಕ್ಷೆಯನ್ನು ನಿರಾಕರಿಸಲಾಗದು.

ಕ್ಷಯದ ಔಷಧಿಯನ್ನು ಒಡನೆಯೇ ಆರಂಭಿಸುತ್ತಾರೆ. ಸಾಮಾನ್ಯವಾಗಿ 9ರಿಂದ 12 ತಿಂಗಳು ಸೇವಿಸಬೇಕಾಗುತ್ತದೆ. ಆವರೆಗೆ ಎಆರ್‌ಟಿ ಮಾತ್ರೆ ಪಡೆಯದವರಿಗೆ ಅದನ್ನು 4ರಿಂದ 8 ವಾರ ತಡೆದು ಕೊಡುವುದು ರೂಢಿ. ಇದು ಉಪೇಕ್ಷೆಯಲ್ಲ. ರೋಗನಿರೋಧಕ ಶಕ್ತಿ ಹಠಾತ್ತನೆ ಮರಳಿದರೆ ಮಿದುಳಿನ ಉರಿಯೂತ ಕೆರಳಿ ಜೀವಕ್ಕೇ ಅಪಾಯವಾಗಬಹುದು. ಮೊದಲೇ ಎಆರ್‌ಟಿ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸಬಾರದು. ಕ್ಷಯದ ರಿಫಾಂಪಿಸಿನ್ ಮಾತ್ರೆಯು ಎಆರ್‌ಟಿಯ ಡೊಲುಟೆಗ್ರಾವಿರ್ ಮಾತ್ರೆಯ ಬಲವನ್ನು ಕುಂದಿಸುವುದರಿಂದ ಅದರ ಪ್ರಮಾಣವನ್ನು ವೈದ್ಯರು ಹೆಚ್ಚಿಸಬೇಕಾಗುತ್ತದೆ. ಎರಡೂ ಕಡೆಯ ವೈದ್ಯರಿಗೆ ಎಲ್ಲ ಔಷಧಿಗಳನ್ನೂ ತಿಳಿಸುವುದು ಅತ್ಯಗತ್ಯ. ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ಸಹಜ, ಅಂಜಬೇಕಿಲ್ಲ.

ಇವೆರಡೂ ಔಷಧಿಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೂ ಅನೇಕರು ಅಲ್ಲಿಗೆ ತಡವಾಗಿ ತಲುಪಲು ಕಾರಣ, ಊರವರು ಏನೆಂದಾರೋ ಎಂಬ ಅಳುಕು. ದಾಸೋಹದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಎಚ್‌ಐವಿ ಹರಡುವುದಿಲ್ಲ. ರೋಗಿಯ ಸ್ಥಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ವಿಧಿಸುತ್ತದೆ. ಮಾಹಿತಿಗೆ 1097 ಉಚಿತ ದೂರವಾಣಿಯಿದೆ. ಕ್ಷಯವಿಲ್ಲವೆಂದು ಖಚಿತವಾದ ಎಚ್‌ಐವಿ ಸೋಂಕಿತರಿಗೆ ಅದು ಬಾರದಂತೆ ತಡೆಯುವ ಮಾತ್ರೆಗಳನ್ನೂ ಎಆರ್‌ಟಿ ಕೇಂದ್ರದಲ್ಲಿ ಕೊಡುತ್ತಾರೆ. ಮುಂದಿನ ಭೇಟಿಯಲ್ಲಿ ಕೇಳಿ ಪಡೆಯಬಹುದು.