ತಲೆಯ ಭಾರ ಇಳಿಸುವ ಮನೋನಕ್ಷೆ

ರಾತ್ರಿ ಊಟ ಮುಗಿದಿದೆ. ಮನೆಯ ಯಜಮಾನ ಹೆಂಡತಿಯನ್ನು ಕೇಳುತ್ತಾನೆ: “ಅಪ್ಪಗ ಗುಳಿಗಿ ಕೊಟ್ಟೀಯೇನ?” ಆಕೆಯ ಉತ್ತರ: “ಅತ್ತಿ ಕೊಟ್ಟಾರ ಅಂತ ನಾ ಸುಮ್ಮನಿದ್ದೇನ್ರಿ.” ಅತ್ತೆ ಅಡುಗೆ ಮನೆಯಿಂದಲೇ, “ಅಯ್ಯ, ನೀ ಕೊಟ್ಟಿ ಅಂತ ನಾ ತಿಳದಿದ್ದೆ!” ಎನ್ನುತ್ತಾರೆ. ಮುತ್ತ್ಯಾನನ್ನೇ ಕೇಳೋಣವೆಂದರೆ ಅವರಿಗೆ ತಾವು ನುಂಗಿದ್ದು ನಿನ್ನೆಯದೋ ಇವತ್ತಿನದೋ ನೆನಪಿಲ್ಲ.

ಆಲಮಟ್ಟಿಯಿಂದ ಇಂಡಿಯವರೆಗೆ ಇಂಥ ಮಾತು ನಡೆಯದ ಮನೆ ಯಾವುದಿದೆ ಹೇಳಿ? ಕೇಳಲು ಸಣ್ಣ ವಿಷಯ. ಆದರೆ ಆ ಗುಳಿಗೆ ರಕ್ತದೊತ್ತಡದ್ದಾಗಿದ್ದು ಮೇಲಿಂದ ಮೇಲೆ ತಪ್ಪಿದರೆ ಒತ್ತಡ ಏರುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ಇಬ್ಬರೂ ಒಂದೊಂದು ಸಲ ಕೊಟ್ಟುಬಿಟ್ಟರೆ ರಕ್ತದಲ್ಲಿನ ಸಕ್ಕರೆ ದಿಢೀರನೆ ಕುಸಿದು, ಬೆವರು, ಕೈ ನಡುಕ, ಮಾತು ತಡವರಿಸುವುದು ಶುರುವಾಗುತ್ತದೆ. ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ತಪ್ಪು ಯಾರದು? ಸೊಸೆಯದೂ ಅಲ್ಲ, ಅತ್ತೆಯದೂ ಅಲ್ಲ. ಅವರ ತಲೆಯಲ್ಲಿ ಆ ಹೊತ್ತಿಗೆ ಮಗನ ಶಾಲೆಯ ಫೀ, ಹಾಲಿನ ಲೆಕ್ಕ, ಹೊಲದ ಪಂಪಿನ ರಿಪೇರಿ, ನಾಳಿನ ಮದುವೆಯ ಆಯೇರಿ ಎಲ್ಲವೂ ಒಟ್ಟಿಗೆ ಕುದಿಯುತ್ತಿರುತ್ತವೆ.

ತಲೆಗೂ ಒಂದು ಅಳತೆ ಇದೆ

ಆ ಕ್ಷಣದ ಕೆಲಸಕ್ಕೆ ಬೇಕಾದುದನ್ನು ಹಿಡಿದಿಟ್ಟುಕೊಳ್ಳುವ ನಮ್ಮ ನೆನಪಿನ ಚೀಲ ಬಹಳ ಸಣ್ಣದು. ಒಂದೇ ಸಲಕ್ಕೆ ಸುಮಾರು ಏಳು ಸಂಗತಿಗಳು ಹಿಡಿಯಬಹುದು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಮುಂದೆ 2001ರಲ್ಲಿ ನೆಲ್ಸನ್ ಕೋವನ್ ಎಂಬ ಇನ್ನೊಬ್ಬ ವಿಜ್ಞಾನಿ ಅದೂ ಹೆಚ್ಚಾಯಿತು, ಸುಮಾರು ನಾಲ್ಕೇ ಸರಿ ಎಂದರು. ಮನೆ ನಡೆಸುವ ಹೆಣ್ಣುಮಗಳ ತಲೆಯ ಮೇಲೆ ನಾವು ಹೊರಿಸುವುದು ನಲವತ್ತು! ಐದನೆಯದು ಒಳಗೆ ಬಂದಾಗ ಮೊದಲನೆಯದು ಹೊರಗೆ ಬೀಳುತ್ತದೆ. ಇದಕ್ಕೆ ‘ಮರೆವಿನ ರೋಗ’ ಎಂದು ಹೆಸರಿಟ್ಟುಕೊಂಡು ಹೆದರುವವರೇ ಹೆಚ್ಚು.

ಹಾಗಾದರೆ ಉಪಾಯವೇನು? ತಲೆಯಲ್ಲಿರುವುದನ್ನು ಹೊರಗೆ ಇಳಿಸುವುದು. ಪಟ್ಟಿ ಬರೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಪಟ್ಟಿಯಲ್ಲಿ ‘ಉಪ್ಪು’ ಮತ್ತು ‘ಇನ್ಸುಲಿನ್’ ಒಂದರ ಕೆಳಗೆ ಒಂದು ಒಂದೇ ತೂಕದಲ್ಲಿ ಕುಳಿತಿರುತ್ತವೆ. ಯಾವುದಕ್ಕೆ ಯಾವುದು ಸಂಬಂಧ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದು ಕಾಣಬೇಕಾದರೆ ನಕ್ಷೆ ಬೇಕು. ಇದನ್ನೇ ‘ಮೈಂಡ್ ಮ್ಯಾಪ್’ ಎನ್ನುತ್ತಾರೆ, ನಾವು ಮನೋನಕ್ಷೆ ಎನ್ನೋಣ.

ಆಲಮಟ್ಟಿಯ ಜನಕ್ಕೆ ಇದನ್ನು ವಿವರಿಸಲು ಹೆಚ್ಚು ಕಷ್ಟಪಡಬೇಕಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ, ಈಗ ಅವರದೇ ಹೆಸರಿನ ಜಲಾಶಯ ನಿಮ್ಮ ಕಣ್ಣೆದುರಿಗೇ ಇದೆ. ಇಲ್ಲಿಂದ ಬಿಟ್ಟ ನೀರು ಕೆಳಗಿನ ನಾರಾಯಣಪುರದ ಬಸವಸಾಗರ ಸೇರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಅದರ ವ್ಯವಸ್ಥೆಯಲ್ಲಿ ಇಂಡಿ, ಶಹಾಪುರ, ಜೇವರ್ಗಿ ಶಾಖಾ ಕಾಲುವೆಗಳು, ಅವುಗಳಿಂದ ವಿತರಣಾ ಕಾಲುವೆ, ಕೊನೆಗೆ ಹೊಲಗಾಲುವೆ. ಇಂಡಿ ಕಡೆಯ ರೈತ ತನ್ನ ಹೊಲಕ್ಕೆ ನೀರು ಬಾರದಿದ್ದರೆ ಯಾವ ತೂಬಿನಲ್ಲಿ ತಡೆಯಾಗಿದೆ ಎಂದು ಹಿಂದಕ್ಕೆ ಹುಡುಕುತ್ತಾ ಹೋಗಬಲ್ಲ. ಮನೋನಕ್ಷೆಯೂ ಅಷ್ಟೇ. ಹಾಳೆಯ ನಡುವೆ ಒಂದು ಮುಖ್ಯ ವಿಷಯ, ಅದರಿಂದ ಹೊರಡುವ ನಾಲ್ಕೈದು ದಪ್ಪ ಗೆರೆ, ಅವುಗಳಿಂದ ಸಣ್ಣ ಗೆರೆ. ಒಂದೊಂದು ಗೆರೆಯ ಮೇಲೆ ಒಂದೆರಡು ಶಬ್ದ ಸಾಕು. ವಾಕ್ಯ ಬರೆಯಬಾರದು.

ಈ ಹೆಸರನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟೋನಿ ಬುಝಾನ್. 1974ರಲ್ಲಿ ಬಿಬಿಸಿ ಟೆಲಿವಿಷನ್‌ನಲ್ಲಿ ಅವರು ನಡೆಸಿದ ಸರಣಿಯಿಂದ ಇದು ಮನೆಮಾತಾಯಿತು. ಅವರು 2019ರಲ್ಲಿ ತೀರಿಕೊಂಡರು. ಆದರೆ ಕೊಂಬೆ ಬಿಡಿಸಿ ನೆನಪಿಡುವ ಉಪಾಯ ಅವರಿಗಿಂತ ಎಷ್ಟೋ ಹಳೆಯದು. ನಮ್ಮ ಉತ್ತರ ಕರ್ನಾಟಕದ ಹೆಳವರು ಊರೂರು ತಿರುಗಿ ಮನೆತನದ ವಂಶಾವಳಿ ಹೇಳುವುದನ್ನು ಹಿರಿಯರು ಕೇಳಿರುತ್ತಾರೆ. ಯಾರ ಮಗ ಯಾರು, ಯಾವ ಕವಲು ಯಾವ ಊರಿಗೆ ಹೋಯಿತು ಎಂದು ತಲೆಮಾರುಗಳನ್ನು ಜೋಡಿಸುವುದೂ ಕೊಂಬೆಯ ಲೆಕ್ಕವೇ ತಾನೆ?

ಇದರ ಬಗ್ಗೆ ಹಬ್ಬಿರುವ ದೊಡ್ಡ ಮಾತುಗಳನ್ನೆಲ್ಲ ನಂಬಬೇಕಿಲ್ಲ. ಬಣ್ಣದ ನಕ್ಷೆ ಬಿಡಿಸಿದರೆ ಮಿದುಳಿನ ಎಡ ಬಲ ಭಾಗಗಳೆರಡೂ ಎಚ್ಚರಗೊಂಡು ಬುದ್ಧಿ ದುಪ್ಪಟ್ಟಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 2002ರಲ್ಲಿ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿ ನೋಡಿದಾಗ, ಒಂದು ವಾರದ ನಂತರ ನಕ್ಷೆ ಬರೆದವರಿಗೆ ಪಾಠ ಸ್ವಲ್ಪ ಹೆಚ್ಚು ನೆನಪಿತ್ತು. ಆದರೆ ಹೊಸ ವಿಧಾನದ ಬಗ್ಗೆ ಅವರಿಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ಸಾಧಾರಣ ಲಾಭ, ಸಾಧಾರಣ ಶ್ರಮ. ಮನೆಗೆ ಅಷ್ಟಾದರೆ ಸಾಕಲ್ಲವೇ?

ಒಂದು ಮನೆಯ ನಕ್ಷೆ

ಮೊದಲು ಕಂಪ್ಯೂಟರ್ ಬೇಡ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ನಡುವೆ ‘ಮುತ್ತ್ಯಾನ ಆರೋಗ್ಯ’ ಎಂದು ಬರೆದು ಸುತ್ತ ಗೆರೆ ಎಳೆಯಿರಿ. ಅದರಿಂದ ಹೊರಡುವ ಕೊಂಬೆಗಳು: ಔಷಧ, ಊಟ, ಪರೀಕ್ಷೆ, ವೈದ್ಯರು, ತುರ್ತು. ಔಷಧದ ಕೊಂಬೆಗೆ ರೋಗದ ಹೆಸರು ಬೇಡ, ಹೊತ್ತಿನ ಹೆಸರು ಹಾಕಿ: ಬರಿಹೊಟ್ಟೆಗೆ, ಮುಂಜಾನೆ ನಾಷ್ಟಾ, ಮಧ್ಯಾಹ್ನ, ರಾತ್ರಿ. ಪ್ರತಿ ಹೊತ್ತಿನ ಕೆಳಗೆ ಗುಳಿಗೆ, ಅದರ ಪಕ್ಕದಲ್ಲಿ ಕೊಡಬೇಕಾದವರ ಹೆಸರು. ಒಂದು ಹೊತ್ತಿಗೆ ಒಬ್ಬರೇ. ಈ ಒಂದು ನಿಯಮವೇ ಮೇಲೆ ಹೇಳಿದ ಗೊಂದಲದ ಅರ್ಧವನ್ನು ಕಳೆಯುತ್ತದೆ. ಉಳಿದರ್ಧಕ್ಕೆ, ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಒಂದು ಗೀಟು.

ನಕ್ಷೆಯ ನಿಜವಾದ ಉಪಯೋಗ ತಿಳಿಯುವುದು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಅಡ್ಡ ಗೆರೆ ಎಳೆದಾಗ. ಸೊಸೆಗೆ ಥೈರಾಯ್ಡ್ ಗುಳಿಗೆ ಇದೆ ಎನ್ನೋಣ. ಅದು ಬರಿಹೊಟ್ಟೆಗೆ, ನಾಷ್ಟಾಕ್ಕೆ ಅರ್ಧದಿಂದ ಒಂದು ತಾಸು ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳು ಅದನ್ನು ದೇಹ ಹೀರದಂತೆ ತಡೆಯುತ್ತವೆ, ನಾಲ್ಕು ತಾಸಿನ ಅಂತರ ಬೇಕು. ಕಬ್ಬಿಣದ ಗುಳಿಗೆಯ ಜೊತೆಗೆ ಚಹಾ ಕುಡಿದರೆ ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಪಟ್ಟಿಯಲ್ಲಿ ಈ ಮೂರೂ ಬೇರೆ ಬೇರೆ ಸಾಲು. ನಕ್ಷೆಯಲ್ಲಿ ಕೆಂಪು ಗೆರೆಯೊಂದು ಅವುಗಳ ನಡುವೆ ಹಾಯ್ದು ನಿಮ್ಮನ್ನು ಎಚ್ಚರಿಸುತ್ತದೆ. ಸಕ್ಕರೆಯ ಗುಳಿಗೆಯಿಂದ ಊಟದ ಕೊಂಬೆಗೂ ಹಾಗೆಯೇ ಒಂದು ಗೆರೆ ಇರಲಿ. ಏಕಾದಶಿಯ ದಿನ ಉಪವಾಸ ಹಿಡಿಯುವ ಹಿರಿಯರ ಮನೆಯಲ್ಲಂತೂ ಈ ಗೆರೆ ಬಹಳ ಮುಖ್ಯ. ಉಪವಾಸದ ದಿನ ಯಾವ ಗುಳಿಗೆ, ಎಷ್ಟು ಎಂದು ವೈದ್ಯರನ್ನು ಮುಂಚೆಯೇ ಕೇಳಿ ಬರೆದಿಡಿ.

ತುರ್ತು ಕೊಂಬೆಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದದ್ದು ಇಷ್ಟು. ಬೆವರು, ನಡುಕ ಕಂಡು, ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಿ. ಇಳಿಯದಿದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಊಟ ಮಾಡಿಸಿ, ವೈದ್ಯರಿಗೆ ತಿಳಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಹಾಗೆಯೇ, ತಪ್ಪಿದ ಗುಳಿಗೆಗೆ ಬದಲಾಗಿ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ.

ಇಷ್ಟು ಕೈಗೆ ಹತ್ತಿದ ಮೇಲೆ ಸಾಫ್ಟ್‌ವೇರ್ ಕಡೆಗೆ ಹೋಗಬಹುದು. ಕಂಪ್ಯೂಟರಿನಲ್ಲಿ ಫ್ರೀಮೈಂಡ್, ಫ್ರೀಪ್ಲೇನ್ ಎಂಬ ಉಚಿತ ಪ್ರೋಗ್ರಾಮುಗಳಿವೆ, ಎಕ್ಸ್‌ಮೈಂಡ್‌ನಂಥವು ಫೋನಿನಲ್ಲೂ ಸಿಗುತ್ತವೆ. ಕನ್ನಡದಲ್ಲೇ ಬರೆಯಬಹುದು. ಕಾಗದಕ್ಕಿಂತ ಇದರಲ್ಲಿ ಹೆಚ್ಚೇನು? ವೈದ್ಯರು ಗುಳಿಗೆ ಬದಲಿಸಿದಾಗ ಇಡೀ ಹಾಳೆ ಹರಿಯಬೇಕಿಲ್ಲ, ಕೊಂಬೆಯನ್ನು ಎಳೆದು ಬೇರೆ ಕಡೆಗೆ ಇಟ್ಟರಾಯಿತು. ಬೇಡದ ಕೊಂಬೆಗಳನ್ನು ಮಡಚಿಟ್ಟು ಇವತ್ತಿನದನ್ನು ಮಾತ್ರ ಬಿಚ್ಚಿಕೊಳ್ಳಬಹುದು. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗನಿಗೆ ಅದೇ ನಕ್ಷೆ ಕಳಿಸಬಹುದು. ಒಂದು ಕಿವಿಮಾತು: ಮನೆಯವರ ಕಾಯಿಲೆಯ ವಿವರವಿರುವ ನಕ್ಷೆಯನ್ನು ಬಂಧುಬಳಗದ ಗ್ರೂಪಿಗೆಲ್ಲ ಹಾಕಬೇಡಿ. ಇನ್ನೊಂದು, ಬಣ್ಣ ಮತ್ತು ಚಿತ್ರ ಹಚ್ಚುತ್ತಾ ಕೂತು ಎರಡು ತಾಸು ಕಳೆಯುವ ಉತ್ಸಾಹಿಗಳಿದ್ದಾರೆ. ನಕ್ಷೆ ಚೆಂದವಾಗುತ್ತದೆ, ಕೆಲಸ ಹಾಗೆಯೇ ಉಳಿಯುತ್ತದೆ! ಗೋಡೆಗೆ ಅಂಟಿಸಿದ ಹಾಳೆಯನ್ನು ಫೋನ್ ಬಾರದ ಅತ್ತೆಯೂ ನೋಡಬಲ್ಲರು ಎಂಬುದನ್ನು ಮರೆಯದಿರಿ. ಫೋನಿನಲ್ಲಿ ಮಾಡಿ, ಅಚ್ಚು ಹಾಕಿಸಿ ಅಂಟಿಸುವುದು ಎಲ್ಲಕ್ಕಿಂತ ಒಳ್ಳೆಯದು.

ನಿದ್ದೆ ಬಾರದವರಿಗೆ

ಹಾಸಿಗೆಗೆ ಬಂದೊಡನೆ ನಾಳಿನ ಕೆಲಸಗಳು ಸಾಲುಗಟ್ಟಿ ನಿಲ್ಲುತ್ತವೆಯೇ? ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನ ಯುವಕ ಯುವತಿಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಬಿಡಿಸಿ ಬರೆದಷ್ಟೂ ನಿದ್ದೆ ಬೇಗ ಬಂತಂತೆ. ಆ ಅಧ್ಯಯನದಲ್ಲಿ ಬರೆದದ್ದು ಪಟ್ಟಿ, ನಕ್ಷೆಯಲ್ಲ. ಕಾಗದದ ಮೇಲೆ ಇಳಿಸುವುದೇ ಮುಖ್ಯವೆಂದು ಕಾಣುತ್ತದೆ. ಆದ್ದರಿಂದ ರಾತ್ರಿಯ ಹೊತ್ತಿನಲ್ಲಿ ಫೋನ್ ಬಿಟ್ಟು ಪೆನ್ಸಿಲ್ ಹಿಡಿಯಿರಿ.

ಆದರೆ ಎಲ್ಲ ಮರೆವೂ ತಲೆಭಾರದ ಮರೆವಲ್ಲ. ದಿನಾ ನಡೆಯುವ ದಾರಿಯಲ್ಲೇ ದಿಕ್ಕು ತಪ್ಪುವುದು, ಅದೇ ಪ್ರಶ್ನೆಯನ್ನು ಅರ್ಧ ತಾಸಿನಲ್ಲಿ ನಾಲ್ಕು ಬಾರಿ ಕೇಳುವುದು, ದುಡ್ಡಿನ ಲೆಕ್ಕ ಹತ್ತದಿರುವುದು ಇವು ಕಂಡರೆ ನಕ್ಷೆ ಬಿಡಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವು ಮರೆವು ತರುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ, ಹಾಲು ಮೊಸರೂ ಅಪರೂಪವಾದ ಸಸ್ಯಾಹಾರಿ ಮನೆಗಳಲ್ಲಿ ಬಿ-12 ಕಡಿಮೆಯಾಗಿರುವುದುಂಟು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಅದನ್ನೂ ಪರೀಕ್ಷೆಯ ಕೊಂಬೆಗೆ ಸೇರಿಸಬಹುದು.

ವಿಜಯಪುರಕ್ಕೋ ಬಾಗಲಕೋಟೆಗೋ ಆಸ್ಪತ್ರೆಗೆ ಹೊರಟಾಗ ಈ ನಕ್ಷೆಯನ್ನು ಜೊತೆಗೊಯ್ಯಿರಿ. ‘ವೈದ್ಯರು’ ಎಂಬ ಕೊಂಬೆಗೆ ಕೇಳಬೇಕಾದ ಪ್ರಶ್ನೆಗಳನ್ನು ನಾಲ್ಕು ದಿನ ಮೊದಲೇ ಒಂದೊಂದಾಗಿ ಹಚ್ಚುತ್ತಾ ಹೋದರೆ, ಅವರ ಎದುರು ಕೂತಾಗ ‘ಮತ್ತೇನೋ ಕೇಳಬೇಕಿತ್ತಲ್ಲ’ ಎಂದು ತಡಕಾಡುವುದು ತಪ್ಪುತ್ತದೆ. ನಿಲ್ಲಿಸಿದ ಔಷಧಗಳನ್ನು ಅಳಿಸಿ ಹಾಕಬೇಡಿ. ‘ನಿಲ್ಲಿಸಿದ್ದು’ ಎಂದು ಬೇರೆ ಕೊಂಬೆ ಮಾಡಿ, ದಿನಾಂಕ ಹಾಗೂ ಕಾರಣ ಬರೆದಿಡಿ. ಯಾವುದೋ ಗುಳಿಗೆಯಿಂದ ಹಿಂದೊಮ್ಮೆ ಮೈಮೇಲೆ ಗಂಧೆ ಎದ್ದಿದ್ದರೆ, ಹೊಸ ವೈದ್ಯರು ಮೊದಲು ನೋಡಬೇಕಾದದ್ದು ಆ ಕೊಂಬೆಯನ್ನೇ.