ಬೇರಿನಿಂದ ಉಸಿರಾಡೋ ಕಾಡು

ಮರ ಬೇರಿನಿಂದ ಉಸಿರಾಡೋದನ್ನ ಎಂದಾದ್ರೂ ನೋಡಿರೇನು?

ನಮ್ಮ ಸಿರವಾರ ಅಂದ್ರ ಎರೆಹೊಲ, ಹತ್ತಿ, ಸುಡೋ ಬಿಸಿಲು. ಇಲ್ಲಿಂದ ಹೋದೋರಿಗೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಬ್ಯಾರೆನೇ ಲೋಕ. ಅಲ್ಲಿ ನಡುಮಧ್ಯಾಹ್ನನೂ ನೆರಳೇ. ಹೆಸರೇ ಅದನ್ನ ಹೇಳ್ತದ: ಕಾನು ಅಂದ್ರ ಕಾಡು.

ಹಳ್ಳದ ಬದಿಗೆ ರಾಮಪತ್ರೆ ಜಡ್ಡಿ, ಅಂದ್ರ ರಾಮಪತ್ರೆ ಮರಗಳ ಜೌಗು ನೆಲ ಅದ. ನೀರು ನಿಂತ ಕೆಸರಿನ್ಯಾಗ ಬೇರಿಗೆ ಗಾಳಿ ಸಾಲಂಗಿಲ್ಲ. ಅದಕ್ಕ ಬೇರುಗಳು ಮಡಚಿದ ಮೊಣಕಾಲಿನಂಗ ಮ್ಯಾಲೆದ್ದು ಉಸಿರಾಡ್ತಾವ.

2000ರಾಗ ವಿಜ್ಞಾನಿಗಳು ಅಲ್ಲಿಯ ಒಂದು ಹೊಸ ಜಾತಿಯ ಮರಕ್ಕ ಕಾಡಿನ ಹೆಸರನ್ನೇ ಇಟ್ರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. 2011ರಾಗ ಸಿಂಗಳೀಕಗಳ ಸಲುವಾಗಿ ಈ ಕಾಡೂ ಸೇರಿ ಅಘನಾಶಿನಿ ಸಂರಕ್ಷಿತ ಪ್ರದೇಶ ಆತು.

ಹೋಗೋ ಮುಂಚೆ ಅರಣ್ಯ ಇಲಾಖೆಯವರ ಅನುಮತಿ ಕೇಳ್ರಿ. ಪ್ಲಾಸ್ಟಿಕ್ ಬಿಟ್ಟು ಬರಬ್ಯಾಡ್ರಿ. ಆ ಬೇರು ತುಳೀಬ್ಯಾಡ್ರಿ, ಅದು ಮರದ ಉಸಿರು.