ಕುದುರೆ ಮಾರಿ ಕಾಮಕುರಕ್ಕೆ ಹೋದವನು

1275ರಲ್ಲಿ ಜಪಾನಿನ ಕ್ಯೂಶೂ ದ್ವೀಪದ ತಾಕೆಜಾಕಿ ಸುಯೆನಾಗ ಎಂಬ ಸಮುರಾಯಿ ಕುದುರೆ, ಜೀನು ಮಾರಿ ದಾರಿಖರ್ಚಿಗೆ ದುಡ್ಡು ಹೊಂದಿಸಿಕೊಂಡ. ಹೋಗಬೇಕಾಗಿದ್ದುದು ಸಾವಿರ ಕಿಲೋಮೀಟರ್ ಆಚೆಯ ಕಾಮಕುರಕ್ಕೆ. ಶೋಗುನ್ ಎಂಬ ಸೇನಾಧಿಪತಿಯ ಸರ್ಕಾರ ನಡೆಯುತ್ತಿದ್ದದ್ದು ಅಲ್ಲಿಂದ. ಹಿಂದಿನ ವರ್ಷ ಮಂಗೋಲರ ಹಡಗುಗಳು ಹಕಾಟ ಕೊಲ್ಲಿಗೆ ಬಂದಾಗ ಈತ ನಾಲ್ಕೇ ಜನರನ್ನು ಕಟ್ಟಿಕೊಂಡು ಶತ್ರುಗಳ ಮೇಲೆ ನುಗ್ಗಿದ್ದ. ಕುದುರೆಗೆ ಬಾಣ ನಾಟಿತು, ತಾನೂ ಗಾಯಗೊಂಡ. ಹಿಂದಿನಿಂದ ಬೇರೊಬ್ಬನ ಪಡೆ ಬಾರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲರಿಗಿಂತ ಮೊದಲು ನುಗ್ಗಿದವನು ತಾನೇ ಎಂಬ ಸಂಗತಿ ಕಾಮಕುರಕ್ಕೆ ಮುಟ್ಟಿರಲಿಲ್ಲ. ಅದನ್ನು ಮುಟ್ಟಿಸಲೆಂದೇ ಈ ಪ್ರಯಾಣ.

ಬಹುಮಾನದ ಖಾತೆ ನೋಡಿಕೊಳ್ಳುತ್ತಿದ್ದ ಅದಾಚಿ ಯಾಸುಮೋರಿ ಕೊನೆಗೂ ಅವನ ಅಹವಾಲು ಕೇಳಿದ. ಶತ್ರುವಿನ ತಲೆ ತಂದಿದ್ದೀಯಾ? ಇಲ್ಲ. ನಿನ್ನ ಕಡೆಯವರು ಯಾರಾದರೂ ಸತ್ತರೇ? ಇಲ್ಲ. ಹಾಗಾದರೆ ಬಹುಮಾನ ಯಾವುದಕ್ಕೆ? ಸುಯೆನಾಗ ಜಗ್ಗಲಿಲ್ಲ. ದಂಡನಾಯಕನನ್ನೇ ವಿಚಾರಿಸಿ, ನಾನು ಹೇಳಿದ್ದು ಸುಳ್ಳಾದರೆ ನನ್ನ ತಲೆ ತೆಗೆಯಿರಿ ಎಂದ. ಕೊನೆಗೆ ಒಂದು ಊರಿನ ‘ಜಿಟೊ’ ಹುದ್ದೆ ಸಿಕ್ಕಿತು. ಮಾರಿ ಬಂದ ಕುದುರೆಗೆ ಬದಲಾಗಿ ಜೀನು ಸಹಿತ ಹೊಸ ಕುದುರೆಯೂ ಸಿಕ್ಕಿತು. ಮುಂದೆ ಅವನು ಇದನ್ನೆಲ್ಲ ಉದ್ದನೆಯ ಚಿತ್ರಸುರುಳಿಯಲ್ಲಿ ಬರೆಸಿಟ್ಟ. ಅದು ಇವತ್ತಿಗೂ ಉಳಿದಿದೆ.

ಜಿಟೊ ಎಂದರೆ ಜಮೀನಿನ ಒಡೆಯನಲ್ಲ. ಒಡೆತನ ಕ್ಯೋಟೊದ ಶ್ರೀಮಂತ ಮನೆತನಗಳದ್ದೋ ದೇವಾಲಯಗಳದ್ದೋ ಆಗಿರುತ್ತಿತ್ತು. ಆ ಜಮೀನಿನ ಉಸ್ತುವಾರಿ ನೋಡಿಕೊಂಡು, ಬೆಳೆಯಲ್ಲಿ ಒಂದು ಪಾಲು ತೆಗೆದುಕೊಳ್ಳುವ ಹಕ್ಕು ಮಾತ್ರ ಜಿಟೊನದು. ಕ್ಯೋಟೊದ ಅರಮನೆಗೂ ಶೋಗುನ್ ಸರ್ಕಾರಕ್ಕೂ ನಡೆದ 1221ರ ಯುದ್ಧದ ನಂತರ ನೇಮಕವಾದ ಜಿಟೊಗಳಿಗೆ ಸರ್ಕಾರ ಲೆಕ್ಕವನ್ನೂ ಕಟ್ಟಿಕೊಟ್ಟಿತ್ತು: ಪ್ರತಿ 11 ಪಾಲು ಹೊಲಕ್ಕೆ ಒಂದು ಪಾಲು ಜಿಟೊನಿಗೆ, ಮೇಲೊಂದಿಷ್ಟು ಅಕ್ಕಿ.

ಶೋಗುನ್ ಕೊಡುವ ಇಂಥ ಹಕ್ಕನ್ನು ಜಪಾನಿಯರು ‘ಗೊ-ಒನ್’ ಎಂದರು, ಅಂದರೆ ಕೃಪೆ. ಅದಕ್ಕೆ ಪ್ರತಿಯಾಗಿ ಮಾಡುವ ಸೇವೆ ‘ಹೋಕೋ’. ಕನ್ನಡದ ‘ಊಳಿಗಮಾನ್ಯ’ ಇವೆರಡನ್ನೂ ಒಂದೇ ಪದದಲ್ಲಿ ಹಿಡಿದಿದೆ: ಊಳಿಗ ಎಂದರೆ ಸೇವೆ, ಮಾನ್ಯ ಎಂದರೆ ಅದಕ್ಕಾಗಿ ಬಿಟ್ಟುಕೊಟ್ಟ ಭೂಮಿ. ಇಂಗ್ಲಿಷಿನ ‘ಫ್ಯೂಡಲ್’ನಲ್ಲಿ ಭೂಮಿ ಮಾತ್ರ ಇದೆ, ಸೇವೆ ಇಲ್ಲ. ಅನುವಾದವೇ ಮೂಲಕ್ಕಿಂತ ಬಿಗಿಯಾಗಿ ಬಂದ ಅಪರೂಪದ ಪದ ಇದು.

ಈಗ ಯುರೋಪಿಗೆ ಬರೋಣ. 1127ರ ಮಾರ್ಚ್‌ನಲ್ಲಿ ಫ್ಲಾಂಡರ್ಸ್‌ನ ದೊರೆ ಚಾರ್ಲ್ಸ್ ಬ್ರೂಜ್ ಪಟ್ಟಣದ ಚರ್ಚಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗಲೇ ಕೊಲೆಯಾದ. ಅವನ ಜಾಗಕ್ಕೆ ಬಂದ ವಿಲಿಯಂ ಕ್ಲಿಟೊಗೆ ಏಪ್ರಿಲ್‌ನಲ್ಲಿ ಸಾಮಂತರು ನಿಷ್ಠೆ ಒಪ್ಪಿಸಿದರು. ಅಲ್ಲಿನ ಗುಮಾಸ್ತ ಗಾಲ್ಬರ್ಟ್ ಅದನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಪೂರ್ತಿಯಾಗಿ ನನ್ನವನಾಗಲು ಒಪ್ಪಿಗೆಯೇ ಎಂದು ದೊರೆ ಕೇಳಬೇಕು. ಬಂದವನು ಒಪ್ಪಿಗೆ ಎನ್ನಬೇಕು. ಜೋಡಿಸಿದ ಕೈಗಳನ್ನು ದೊರೆಯ ಅಂಗೈಗಳ ನಡುವೆ ಇಡಬೇಕು. ಇಬ್ಬರೂ ಮುತ್ತಿಡಬೇಕು. ಆಮೇಲೆ ಸಂತರ ಅಸ್ಥಿಗಳ ಮೇಲೆ ಆಣೆ. ಕೊನೆಗೆ ದೊರೆ ಕೈಯಲ್ಲಿದ್ದ ಕೋಲಿನಿಂದ ಜಮೀನು ಕೊಟ್ಟಂತೆ ಸೂಚಿಸುತ್ತಾನೆ.

ಎರಡೂ ಕಡೆ ಕುದುರೆ ಸವಾರ, ಎರಡೂ ಕಡೆ ಭೂಮಿ, ನಡುವೆ ಯಾವ ಸಂಪರ್ಕವೂ ಇಲ್ಲ. ಬಾವಲಿಗೂ ಹಕ್ಕಿಗೂ ರೆಕ್ಕೆ ಬೇರೆ ಬೇರೆಯಾಗಿ ಹುಟ್ಟಿದ ಹಾಗೆ. ಎರಡೂ ಹಾರುತ್ತವೆ, ಆದರೆ ಒಂದರದ್ದು ಬೆರಳುಗಳ ನಡುವೆ ಬಿಗಿದ ಚರ್ಮ, ಇನ್ನೊಂದರದ್ದು ತೋಳಿಗೆ ಹುಟ್ಟಿದ ಗರಿ. ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ತನ್ನ ದೊಡ್ಡ ಗ್ರಂಥದ ಕೊನೆಗೆ ಜಪಾನಿನತ್ತ ತಿರುಗಿದ್ದು ಈ ಹೋಲಿಕೆಗಾಗಿಯೇ. ಅಮೆರಿಕದ ಯೇಲ್‌ನಲ್ಲಿ ಪಾಠ ಮಾಡುತ್ತಿದ್ದ ಅಸಾಕಾವ ಕಾನ್ಇಚಿ ಅದಕ್ಕೂ ಮೊದಲೇ, 1929ರಲ್ಲಿ, ಇರಿಕಿ ಎಂಬ ಒಂದೇ ಸಂಸ್ಥಾನದ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಂದಿದ್ದರು.

ಚರ್ಮಕ್ಕೂ ಗರಿಗೂ ಇರುವ ವ್ಯತ್ಯಾಸ ಕಾಣುವುದು ಒಡೆಯ ಮಾತಿಗೆ ತಪ್ಪಿದಾಗ. ಕ್ಲಿಟೊ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಮರುವರ್ಷವೇ ಗೆಂಟ್ ಪಟ್ಟಣದಲ್ಲಿ ಇವಾನ್ ಎಂಬ ಸಾಮಂತ ಎಲ್ಲರೆದುರು ಅವನನ್ನು ಪ್ರಶ್ನಿಸಿದ: ನೀನು ಆಣೆ ಮುರಿದಿದ್ದೀಯೆ, ದೊರೆಯಾಗಿರಲು ಅರ್ಹನೋ ಅಲ್ಲವೋ ಸಭೆ ತೀರ್ಮಾನಿಸಲಿ. ಸಂಬಂಧ ಕಡಿದುಕೊಳ್ಳಲಿಕ್ಕೂ ಅಲ್ಲಿ ಶಾಸ್ತ್ರವಿತ್ತು, ಹುಲ್ಲುಕಡ್ಡಿಯೊಂದನ್ನು ಎಸೆದರಾಯಿತು. ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾ ಇನ್ನೂ ಮುಂದೆ ಹೋಯಿತು. ರಾಜ ತಪ್ಪಿದರೆ ಅವನ ಕೋಟೆಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು 25 ಮಂದಿ ಸಾಮಂತರಿಗೆ ಬರೆದುಕೊಟ್ಟಿತು.

ಕಾಮಕುರದ 1232ರ ಕಾನೂನಿನಲ್ಲಿ 51 ಕಲಮುಗಳಿವೆ. ಜಮೀನಿನ ತಕರಾರು, ಉತ್ತರಾಧಿಕಾರ, ಹೆಣ್ಣುಮಕ್ಕಳಿಗೆ ಕೊಟ್ಟ ಆಸ್ತಿ, ಎಲ್ಲಕ್ಕೂ ನಿಯಮ ಉಂಟು. ಶೋಗುನ್‌ನನ್ನೇ ಕಟ್ಟಿಹಾಕುವ ಕಲಮು ಮಾತ್ರ ಇಲ್ಲ. ಅಲ್ಲಿ ಸಾಮಂತನ ಹೆಸರೇ ‘ಗೊಕೆನಿನ್’, ಅಂದರೆ ಮನೆಯ ಆಳು. ಯಜಮಾನನ ಮೇಲೆ ಮನೆಯವನು ಮೊಕದ್ದಮೆ ಹೂಡುವುದುಂಟೇ?

ಪಠ್ಯಪುಸ್ತಕಗಳು ಇಲ್ಲಿಂದ ನೇರವಾಗಿ ‘ಯುರೋಪಿನದು ಕರಾರು, ಜಪಾನಿನದು ಸ್ವಾಮಿಭಕ್ತಿ’ ಎಂಬಲ್ಲಿಗೆ ಹೋಗಿಬಿಡುತ್ತವೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಪ್ರತಿಫಲ ಬಯಸದ ಸಮುರಾಯಿ ಬಹುಮಟ್ಟಿಗೆ ಮುಂದಿನ ಶಾಂತಿಕಾಲದ ಬರಹಗಾರರು ತಿದ್ದಿ ತೀಡಿದ ಮೂರ್ತಿ. ಸುಯೆನಾಗನ ಕಾಲದಲ್ಲಿ ಪ್ರತಿಫಲ ಕೇಳುವುದು ಅವಮಾನವಲ್ಲ, ಕೇಳದೆ ಬಿಡುವುದೇ ದಡ್ಡತನ. ಕರಾರು ಇತ್ತು, ಕಾಗದದ ಮೇಲೆ ಇರಲಿಲ್ಲ ಅಷ್ಟೆ.

ಅದು ಗೊತ್ತಾದದ್ದು ಹಂಚಲು ಭೂಮಿ ಮುಗಿದಾಗ. 1221ರಲ್ಲಿ ಸೋತವರಿಂದ ಮೂರು ಸಾವಿರಕ್ಕೂ ಹೆಚ್ಚು ಜಹಗೀರುಗಳು ಶೋಗುನ್ ಸರ್ಕಾರದ ಕೈಸೇರಿದ್ದವು, ಎಲ್ಲರಿಗೂ ಸಿಕ್ಕಿತ್ತು. ಮಂಗೋಲರು 1281ರಲ್ಲಿ ಮತ್ತೆ ಬಂದರು, ಮತ್ತೆ ಸೋತು ಹೋದರು. ಆದರೆ ಸಮುದ್ರದಾಚೆಯಿಂದ ಬಂದ ಶತ್ರು ಬಿಟ್ಟುಹೋದ ಜಮೀನು ಎಲ್ಲಿದೆ? ಸಾಲ ಮಾಡಿ ಯುದ್ಧಕ್ಕೆ ಹೋದವರು ಬರಿಗೈಲಿ ಮನೆಗೆ ಬಂದರು. ಆಸ್ತಿಯನ್ನು ಮಕ್ಕಳೆಲ್ಲರಿಗೂ ಹಂಚುವ ರೂಢಿಯಿಂದ ಇದ್ದ ಹಿಡುವಳಿಯೂ ತುಂಡಾಗುತ್ತ ಬಂತು. 1297ರಲ್ಲಿ ಸರ್ಕಾರ, ಗೊಕೆನಿನ್‌ಗಳು ಮಾರಿಕೊಂಡ ಭೂಮಿಯನ್ನು ದುಡ್ಡು ಕೊಡದೆ ವಾಪಸು ಪಡೆಯಬಹುದು ಎಂದು ಆಜ್ಞೆ ಹೊರಡಿಸಿತು. ಆಮೇಲೆ ಅವರಿಗೆ ಸಾಲ ಕೊಡುವವರು ಯಾರು?

1333ರಲ್ಲಿ ನಿತ್ತಾ ಯೋಶಿಸದ ಎಂಬ ಗೊಕೆನಿನ್ ಸೈನ್ಯ ಕಟ್ಟಿಕೊಂಡು ಕಾಮಕುರದತ್ತ ಹೊರಟ. ಗುಡ್ಡದ ಕಣಿವೆಗಳಲ್ಲೆಲ್ಲ ಕಾವಲಿತ್ತು. ಸಮುದ್ರ ಇಳಿದ ಹೊತ್ತು ನೋಡಿ ಮರಳದಂಡೆಯ ಮೇಲೆ ಹಾದು ಒಳನುಗ್ಗಿ, ಊರಿಗೆ ಬೆಂಕಿ ಇಟ್ಟ. ಹುಲ್ಲುಕಡ್ಡಿ ಎಸೆಯುವ ಶಾಸ್ತ್ರ ಅಲ್ಲಿರಲಿಲ್ಲ.